ಸೆನೆಟರ್ ಆಗಿದ್ದವರು ಕೌಂಟಿಗೆ ಬಂದರೆ ಅದು ಹಿಂಬಡ್ತಿಯೇ?

ಪ್ರಶ್ನೆ: ಮಗಳು, ಅಳಿಯ ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಎಲಿಕಟ್ ಸಿಟಿಯಲ್ಲಿ ಮನೆ ಮಾಡಿಕೊಂಡಿದ್ದಾರೆ. ಅಲ್ಲಿಗೆ ಹೋಗಿದ್ದಾಗ ಪಕ್ಕದ ಮನೆಯವರು ಅಲನ್ ಕಿಟಲ್‌ಮನ್ ಎಂಬ ರಾಜಕಾರಣಿಯ ಬಗ್ಗೆ ಹೇಳುತ್ತಿದ್ದರು. ರಿಪಬ್ಲಿಕನ್ ಆದರೂ ಮಧ್ಯಮಮಾರ್ಗಿಯಂತೆ, ರಾಜ್ಯದ ಸೆನೆಟರ್ ಆಗಿದ್ದರಂತೆ, ಅದನ್ನು ಬಿಟ್ಟು ಕೌಂಟಿಯ ಮುಖ್ಯಸ್ಥರಾದರಂತೆ, ಒಂದೇ ಅವಧಿಗೆ ಸೋತರಂತೆ. ನಮ್ಮಲ್ಲಿ ಶಾಸಕರಾದವರು ಜಿಲ್ಲಾ ಪಂಚಾಯಿತಿಗೆ ಯಾಕೆ ನಿಲ್ಲುತ್ತಾರೆ? ಅವರು ಯಾಕೆ ಹೋದರು? ಅಲ್ಲಿ ನಿಜವಾಗಿ ಏನು ಅಧಿಕಾರವಿದೆ? ಎರಡೂ ಪಕ್ಷದವರು ಒಳ್ಳೆಯವರು ಎನ್ನುವ ಮನುಷ್ಯ ಸೋತದ್ದು ಹೇಗೆ? — ಒಬ್ಬ ನಿವೃತ್ತ ಉಪನ್ಯಾಸಕರು, ದಾವಣಗೆರೆ

ಉತ್ತರ: ಮೊದಲು ಹೋಲಿಕೆಯನ್ನೇ ಸ್ವಲ್ಪ ಸರಿಮಾಡಿಕೊಳ್ಳೋಣ. ಕೌಂಟಿ ಎಂದರೆ ಜಿಲ್ಲೆ ಎಂದು ಅರ್ಥ ಮಾಡಿಕೊಂಡರೆ ತಪ್ಪಿಲ್ಲ. ಆದರೆ ಅದರ ಮುಖ್ಯಸ್ಥರಾದ ಕೌಂಟಿ ಎಕ್ಸಿಕ್ಯೂಟಿವ್ ಎಂದರೆ ಜಿಲ್ಲಾ ಪಂಚಾಯಿತಿ ಅಧ್ಯಕ್ಷ ಎಂದುಕೊಂಡರೆ ಲೆಕ್ಕ ತಪ್ಪುತ್ತದೆ. ನಮ್ಮ ಜಿಲ್ಲಾ ಪಂಚಾಯಿತಿಗೆ ಸ್ವಂತ ತೆರಿಗೆಯೇ ಇಲ್ಲ. ಮನೆ ಕಂದಾಯ ಹಾಕುವುದು ಗ್ರಾಮ ಪಂಚಾಯಿತಿ, ಜಿಲ್ಲಾ ಪಂಚಾಯಿತಿಯ ದುಡ್ಡೆಲ್ಲ ಮೇಲಿನಿಂದ ಬರಬೇಕು. ಪೊಲೀಸರು ಅಧ್ಯಕ್ಷರ ಮಾತು ಕೇಳಬೇಕಾಗಿಲ್ಲ. ಸಿಇಒ ಸರ್ಕಾರ ಕಳಿಸಿದ ಅಧಿಕಾರಿ. 2021ರಲ್ಲಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲದೆ, ಚುನಾಯಿತ ಅಧ್ಯಕ್ಷರೇ ಇಲ್ಲದೆ ಜಿಲ್ಲಾ ಪಂಚಾಯಿತಿಗಳು ನಡೆದವು, ಹೆಚ್ಚಿನ ಜನಕ್ಕೆ ಗೊತ್ತೂ ಆಗಲಿಲ್ಲ. ಆ ಕುರ್ಚಿಯ ತೂಕ ಅಷ್ಟು.

ನಿಮ್ಮ ಮಗಳಿರುವ ಹಾವರ್ಡ್ ಕೌಂಟಿಯಲ್ಲಿ (ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೂ ಇದಕ್ಕೂ ಸಂಬಂಧವಿಲ್ಲ, ನಮ್ಮವರು ಆಗಾಗ ಗೊಂದಲ ಮಾಡಿಕೊಳ್ಳುತ್ತಾರೆ) ವಿಷಯ ಇನ್ನೊಂದು ತುದಿಯಲ್ಲಿದೆ. ಇಡೀ ಕೌಂಟಿಯಲ್ಲಿ ಒಂದೇ ಒಂದು ನಗರಸಭೆ, ಪುರಸಭೆ ಇಲ್ಲ. ಎಲಿಕಟ್ ಸಿಟಿ ಹೆಸರಿಗಷ್ಟೇ ಸಿಟಿ. ಒಂದು ಲಕ್ಷದಷ್ಟು ಜನರಿರುವ ಕೊಲಂಬಿಯಾಕ್ಕೂ ಮೇಯರ್ ಇಲ್ಲ. ಹಾಗಾಗಿ ರಸ್ತೆ, ಚರಂಡಿ, ಕಸ, ಕುಡಿಯುವ ನೀರಿನ ವಿತರಣೆ, ಕಟ್ಟಡ ಪರವಾನಗಿ, ಅಗ್ನಿಶಾಮಕ ದಳ, ಪೊಲೀಸ್ ಇಲಾಖೆ ಎಲ್ಲವೂ ಕೌಂಟಿಯದ್ದೇ. ಪೊಲೀಸ್ ಮುಖ್ಯಸ್ಥರನ್ನು ನೇಮಿಸುವುದು ಎಕ್ಸಿಕ್ಯೂಟಿವ್. ನಮ್ಮ ಮೇಯರ್, ಜಿಲ್ಲಾ ಪಂಚಾಯಿತಿ ಅಧ್ಯಕ್ಷ, ಪಾಲಿಕೆ ಆಯುಕ್ತ, ಜೊತೆಗೆ ಜಿಲ್ಲಾಧಿಕಾರಿಯ ಕೆಲಸದಲ್ಲಿ ಒಂದು ಪಾಲು, ಇಷ್ಟನ್ನೂ ಜನರೇ ನೇರವಾಗಿ ಆರಿಸಿದ ಒಬ್ಬ ವ್ಯಕ್ತಿಯ ಕೈಗೆ ಕೊಟ್ಟರೆ ಹಾವರ್ಡ್‌ನ ಎಕ್ಸಿಕ್ಯೂಟಿವ್ ಆಗುತ್ತಾರೆ. ಅವಧಿ 4 ವರ್ಷ, ಸತತವಾಗಿ ಎರಡೇ ಅವಧಿ. ಎದುರಿಗೆ 5 ಸದಸ್ಯರ ಕೌಂಟಿ ಕೌನ್ಸಿಲ್. 2020ರ ಜನಗಣತಿಯಲ್ಲಿ ಕೌಂಟಿಯ ಜನಸಂಖ್ಯೆ 3,32,317.

ಇನ್ನು ಕಿಟಲ್‌ಮನ್ ಬಿಟ್ಟುಬಂದ ಕುರ್ಚಿಯನ್ನು ನೋಡಿ. ಮೇರಿಲ್ಯಾಂಡ್ ಸೆನೆಟ್‌ನಲ್ಲಿ, ಅಂದರೆ ರಾಜ್ಯದ ಮೇಲ್ಮನೆಯಲ್ಲಿ, 47 ಸ್ಥಾನ. 2011ರಿಂದ 2014ರ ಅವಧಿಯಲ್ಲಿ 35 ಡೆಮಾಕ್ರಟರು, 12 ರಿಪಬ್ಲಿಕನ್ನರು. ಅಲ್ಲಿ ವಿರೋಧಿಗಳು ಉದ್ದುದ್ದ ಮಾತನಾಡಿ ಮಸೂದೆಯನ್ನು ತಡೆಯಬಹುದು, ಆದರೆ 29 ಮತ ಕೂಡಿದರೆ ಆ ಚರ್ಚೆಗೆ ಪೂರ್ಣವಿರಾಮ. ಅಂದರೆ ತಡೆಯಲು ಕನಿಷ್ಠ 19 ಮಂದಿ ಬೇಕು, ಇದ್ದವರು 12. ವರ್ಷಕ್ಕೆ ಅಧಿವೇಶನ 90 ದಿನ, ಜನವರಿಯ ಎರಡನೇ ಬುಧವಾರ ಶುರುವಾಗಿ ಏಪ್ರಿಲ್‌ನಲ್ಲಿ ಮುಗಿಯುತ್ತದೆ. ಸಂಬಳ ಆಗ ವರ್ಷಕ್ಕೆ 43,500 ಡಾಲರ್, ಹಾಗಾಗಿ ಬಹುತೇಕ ಎಲ್ಲರಿಗೂ ಬೇರೆ ಕಸುಬು ಇರಲೇಬೇಕು, ಕಿಟಲ್‌ಮನ್ ವಕೀಲರು. ಇನ್ನೂ ಒಂದು ವಿಚಿತ್ರ: ಗವರ್ನರ್ (ನಮ್ಮ ಮುಖ್ಯಮಂತ್ರಿಯಂತೆ ರಾಜ್ಯ ನಡೆಸುವ ಚುನಾಯಿತ ಮುಖ್ಯಸ್ಥರು) ಮಂಡಿಸಿದ ಬಜೆಟ್‌ನಲ್ಲಿ ಶಾಸಕರು ಕಡಿತ ಮಾಡಬಹುದಿತ್ತು, ಒಂದು ಡಾಲರ್ ಸೇರಿಸುವಂತಿರಲಿಲ್ಲ. ಈ ನಿಯಮ ಸಡಿಲವಾದದ್ದು 2020ರ ಜನಮತಗಣನೆಯ ನಂತರ. ಅಲ್ಪಸಂಖ್ಯಾತ ಪಕ್ಷದ ಸೆನೆಟರ್‌ಗೆ ಅಲ್ಲಿ ಇದ್ದದ್ದು ಒಂದು ಮೈಕು, ಒಂದು ಮತ. ನಾಲ್ಕು ವರ್ಷ ಒಂದೂ ರಸ್ತೆಗೆ ಡಾಂಬರು ಹಾಕಿಸಲಾಗದ ಸ್ಥಾನದಿಂದ ಒಂದು ಇಡೀ ಆಡಳಿತವನ್ನೇ ನಡೆಸುವ ಸ್ಥಾನಕ್ಕೆ ಬಂದವರನ್ನು ಹಿಂಬಡ್ತಿಯಾಯಿತು ಎನ್ನಲಾಗದು.

ಹಾವರ್ಡ್‌ನಲ್ಲಿ ಈ ದಾರಿ ಎರಡೂ ಕಡೆ ಸವೆದಿದೆ. 1998ರಿಂದ 2006ರವರೆಗೆ ಎಕ್ಸಿಕ್ಯೂಟಿವ್ ಆಗಿದ್ದ ಜೇಮ್ಸ್ ರೋಬಿ ಅದಕ್ಕೂ ಮೊದಲು ಅದೇ ಕೌಂಟಿಯ ಪೊಲೀಸ್ ಮುಖ್ಯಸ್ಥರು. ಎಕ್ಸಿಕ್ಯೂಟಿವ್ ಅವಧಿ ಮುಗಿದ ಮೇಲೆ ಸೆನೆಟ್‌ಗೆ ಹೋದರು. 1986ರಿಂದ 1990ರವರೆಗೆ ಇದ್ದ ಎಲಿಜಬೆತ್ ಬೋಬೊ ಆಮೇಲೆ ಕೆಳಮನೆಯ ಸದಸ್ಯೆಯಾದರು. ಯಾವುದು ಮೇಲೆ, ಯಾವುದು ಕೆಳಗೆ ಎಂಬ ಮೆಟ್ಟಿಲು ಲೆಕ್ಕ ಅಲ್ಲಿನವರ ತಲೆಯಲ್ಲಿ ಅಷ್ಟಾಗಿ ಇಲ್ಲ.

ಕಿಟಲ್‌ಮನ್ ಅವರ ಹಾದಿ ಶುರುವಾದದ್ದೂ ಕೌಂಟಿಯಲ್ಲೇ. 1998ರಲ್ಲಿ ಕೌಂಟಿ ಕೌನ್ಸಿಲ್‌ಗೆ ಗೆದ್ದರು. ತಂದೆ ರಾಬರ್ಟ್ ಕಿಟಲ್‌ಮನ್ ರಿಪಬ್ಲಿಕನ್ ಶಾಸಕರು. ಶಾಲೆಗಳಲ್ಲಿ ಕರಿಯ ಮತ್ತು ಬಿಳಿಯ ಮಕ್ಕಳನ್ನು ಬೇರೆ ಬೇರೆ ಕೂರಿಸುತ್ತಿದ್ದ ಪದ್ಧತಿಯ ವಿರುದ್ಧ ಹಾವರ್ಡ್‌ನಲ್ಲಿ ಕರಿಯರ ಹಕ್ಕಿನ ಸಂಘಟನೆಯ ಜೊತೆ ನಿಂತು ದುಡಿದವರು. 2004ರಲ್ಲಿ ತಂದೆ ಸೆನೆಟರ್ ಆಗಿರುವಾಗಲೇ ತೀರಿಕೊಂಡರು. ಮೇರಿಲ್ಯಾಂಡ್‌ನಲ್ಲಿ ಇಂಥ ತೆರವಿಗೆ ಉಪಚುನಾವಣೆ ಇಲ್ಲ. ತೀರಿಕೊಂಡವರ ಪಕ್ಷದ ಸ್ಥಳೀಯ ಕೇಂದ್ರ ಸಮಿತಿ 30 ದಿನದೊಳಗೆ ಹೆಸರು ಸೂಚಿಸುತ್ತದೆ, ಗವರ್ನರ್ ನೇಮಿಸುತ್ತಾರೆ. ಮಗ ಆ ಸ್ಥಾನಕ್ಕೆ ಬಂದದ್ದು ಹೀಗೆ. ಅನುಕಂಪದ ನೌಕರಿ ಎಂದು ನಮ್ಮವರು ನಗಬಹುದು, ಆದರೆ ಆಮೇಲೆ 2006, 2010 ಎರಡರಲ್ಲೂ ಜನರ ಮುಂದೆ ಹೋಗಿ ಗೆದ್ದರು. 2008ರಲ್ಲಿ ಸೆನೆಟ್‌ನ ಅಲ್ಪಸಂಖ್ಯಾತ ಪಕ್ಷದ ನಾಯಕರಾದರು, ಅಂದರೆ ನಮ್ಮ ಭಾಷೆಯಲ್ಲಿ ವಿರೋಧ ಪಕ್ಷದ ನಾಯಕ.

‘ಮಧ್ಯಮಮಾರ್ಗಿ’ ಎಂಬ ಹೆಸರು ಅಂಟಿದ್ದು 2011ರಲ್ಲಿ. ತೆರಿಗೆ, ಖರ್ಚಿನ ವಿಷಯದಲ್ಲಿ ಅವರು ಪಕ್ಕಾ ರಿಪಬ್ಲಿಕನ್, ಬಿಗಿ ಮುಷ್ಟಿ. ಸಲಿಂಗಿ ಜೋಡಿಗಳ ವಿಷಯಕ್ಕೆ ಬಂದಾಗ, ಮದುವೆ ಎಂಬ ಹೆಸರಿಲ್ಲದೆ ಅದೇ ಹಕ್ಕು ಕೊಡುವ ನಾಗರಿಕ ಒಡಂಬಡಿಕೆಯ ಮಸೂದೆ ತರುತ್ತೇನೆ ಎಂದರು. ಪಕ್ಷದ ಸದಸ್ಯರು ಒಪ್ಪಲಿಲ್ಲ. ಜನವರಿಯಲ್ಲಿ ನಾಯಕ ಸ್ಥಾನ ಬಿಟ್ಟರು. ಒಡಂಬಡಿಕೆಗೆ ಆಚೆಯವರಲ್ಲೂ ಬೆಂಬಲ ಇರಲಿಲ್ಲ. ಡೆಮಾಕ್ರಟರಿಗೆ ಬೇಕಿದ್ದದ್ದು ಪೂರ್ಣ ವಿವಾಹದ ಹಕ್ಕು. ಎರಡೂ ಕಡೆ ಬೇಡವಾದ ಮಸೂದೆಯನ್ನು ಕೈಬಿಟ್ಟು ಅವರು ವಿವಾಹದ ಮಸೂದೆಯ ಪರವಾಗಿಯೇ ಮತ ಹಾಕಿದರು. ಆ ವರ್ಷ ಅದು ಸೆನೆಟ್‌ನಲ್ಲಿ 25–21ರಿಂದ ಗೆದ್ದು ಕೆಳಮನೆಯಲ್ಲಿ ನಿಂತುಹೋಯಿತು. 2012ರಲ್ಲಿ ಮತ್ತೆ ಬಂದಾಗ ಸೆನೆಟ್‌ನಲ್ಲಿ 25–22. ಪರವಾಗಿ ಮತ ಹಾಕಿದ ಒಬ್ಬನೇ ರಿಪಬ್ಲಿಕನ್ ಇವರು. ಅದೇ ನವೆಂಬರ್‌ನ ಜನಮತಗಣನೆಯಲ್ಲಿ ಶೇ 52ರಷ್ಟು ಮತದಾರರು ಕಾಯ್ದೆಯನ್ನು ಎತ್ತಿಹಿಡಿದರು.

ಇಲ್ಲಿ ನಮ್ಮ ಓದುಗರು ಒಂದು ವ್ಯತ್ಯಾಸ ಗಮನಿಸಬೇಕು. ಇದೇ ಕೆಲಸವನ್ನು ವಿಧಾನಸೌಧದಲ್ಲಿ ಪಕ್ಷದ ವಿಪ್ ಮೀರಿ ಮಾಡಿದ್ದರೆ ಸಂವಿಧಾನದ 10ನೇ ಅನುಸೂಚಿ ಅಡಿ ಸದಸ್ಯತ್ವವೇ ಹೋಗುವ ಸಂಭವ. 2019ರಲ್ಲಿ ಕರ್ನಾಟಕದ 17 ಶಾಸಕರು ಅನರ್ಹರಾದದ್ದು ನೆನಪಿರಬಹುದು. ಅಮೆರಿಕದಲ್ಲಿ ಅಂಥ ಕಾನೂನಿಲ್ಲ. ಅಲ್ಲಿಯೂ ‘ವಿಪ್’ ಎಂಬ ಹುದ್ದೆ ಇದೆ, ಹಲ್ಲಿಲ್ಲ. ಮಧ್ಯಮಮಾರ್ಗಿ ಎಂಬ ಜಾತಿಯೇ ಅಲ್ಲಿ ಉಳಿದಿರುವುದು ಈ ಕಾರಣಕ್ಕೆ: ಒಂದು ಮಸೂದೆಯಲ್ಲಿ ಪಕ್ಷ ಬಿಟ್ಟು ಮತ ಹಾಕಿ, ಮರುದಿನ ಅದೇ ಪಕ್ಷದ ಬೆಂಚಿನಲ್ಲಿ ಕೂರಬಹುದು. ನಮ್ಮಲ್ಲಿ ಮಧ್ಯಮಮಾರ್ಗಿ ಶಾಸಕ ಅದನ್ನು ಕ್ಯಾಂಟೀನಿನಲ್ಲಿ ಹೇಳಬಹುದು, ಮತಪಟ್ಟಿಯಲ್ಲಿ ತೋರಿಸಲಾರ.

2014ಕ್ಕೆ ಬರೋಣ. ಮೇರಿಲ್ಯಾಂಡ್‌ನಲ್ಲಿ ಗವರ್ನರ್, ಶಾಸಕರು, ಕೌಂಟಿ ಹುದ್ದೆಗಳು ಎಲ್ಲಕ್ಕೂ ಒಂದೇ ದಿನ ಮತದಾನ. ಎರಡಕ್ಕೂ ನಾಮಪತ್ರ ಹಾಕಿ ಯಾವುದು ಗೆದ್ದರೆ ಅದು ಎನ್ನುವಂತಿಲ್ಲ. ಎಕ್ಸಿಕ್ಯೂಟಿವ್ ಚುನಾವಣೆಗೆ ನಿಲ್ಲಬೇಕಾದರೆ ಗೆಲ್ಲುವ ಖಾತರಿಯಿದ್ದ ಸೆನೆಟ್ ಸ್ಥಾನ ಬಿಡಲೇಬೇಕಿತ್ತು. ಬಿಟ್ಟರು. ಆಗಿನ ಎಕ್ಸಿಕ್ಯೂಟಿವ್ ಕೆನ್ ಉಲ್ಮನ್ ಎರಡು ಅವಧಿ ಮುಗಿಸಿ ಲೆಫ್ಟಿನೆಂಟ್ ಗವರ್ನರ್ (ಗವರ್ನರ್ ನಂತರದ ಸ್ಥಾನ) ಹುದ್ದೆಗೆ ಸ್ಪರ್ಧಿಸಿದ್ದರಿಂದ ಕುರ್ಚಿ ಖಾಲಿ ಇತ್ತು. ಎದುರಾಳಿ ಕೋರ್ಟ್ನಿ ವಾಟ್ಸನ್, ಡೆಮಾಕ್ರಟ್, ಕೌನ್ಸಿಲ್ ಸದಸ್ಯೆ. ನೋಂದಾಯಿತ ಮತದಾರರಲ್ಲಿ ಡೆಮಾಕ್ರಟರೇ ತುಂಬ ಹೆಚ್ಚಿರುವ ಕೌಂಟಿಯಲ್ಲಿ ಕಿಟಲ್‌ಮನ್ ಶೇ 51ರ ಆಸುಪಾಸು ಮತ ಪಡೆದು ಗೆದ್ದರು. 1998ರಲ್ಲಿ ಚಾರ್ಲ್ಸ್ ಎಕ್ಕರ್ ಇಳಿದ ಮೇಲೆ ಆ ಕುರ್ಚಿಗೆ ಬಂದ ಮೊದಲ ರಿಪಬ್ಲಿಕನ್. 2012ರ ಆ ಒಂದು ಮತ ಇಲ್ಲಿ ಕೆಲಸಕ್ಕೆ ಬಂತು. ‘ಈತ ಅಂಥ ರಿಪಬ್ಲಿಕನ್ ಅಲ್ಲ’ ಎನ್ನಲು ಡೆಮಾಕ್ರಟ್ ಮತದಾರರಿಗೆ ಒಂದು ಸಾಕ್ಷಿ ಸಿಕ್ಕಿತ್ತು.

ಅಧಿಕಾರದ ಬೇರು ಬಜೆಟ್. ಏಪ್ರಿಲ್‌ನಲ್ಲಿ ಎಕ್ಸಿಕ್ಯೂಟಿವ್ ಮಂಡಿಸುತ್ತಾರೆ, ಮೇ ತಿಂಗಳಲ್ಲಿ ಕೌನ್ಸಿಲ್ ಅಹವಾಲು ಕೇಳಿ ಅಂಗೀಕರಿಸುತ್ತದೆ, ಜುಲೈ 1ರಿಂದ ಹೊಸ ಆರ್ಥಿಕ ವರ್ಷ. ಕೌನ್ಸಿಲ್ ಕಡಿಮೆ ಮಾಡಬಹುದು, ಹೆಚ್ಚಿಸಲಾರದು. ಒಂದೇ ವಿನಾಯಿತಿ ಶಾಲೆಗಳದು, ಅಲ್ಲಿ ಎಕ್ಸಿಕ್ಯೂಟಿವ್ ಕಡಿದದ್ದನ್ನು ಕೌನ್ಸಿಲ್ ಮರಳಿ ತುಂಬಬಹುದು. ಒಟ್ಟು ಗಾತ್ರ ವರ್ಷಕ್ಕೆ 100 ಕೋಟಿ ಡಾಲರ್ ಮೀರಿದ್ದು. ದುಡ್ಡು ಬರುವುದು ಮುಖ್ಯವಾಗಿ ಎರಡು ಕಡೆಯಿಂದ. ಒಂದು ಆಸ್ತಿ ತೆರಿಗೆ, ಆಗ 100 ಡಾಲರ್ ಮೌಲ್ಯಕ್ಕೆ 1.014 ಡಾಲರ್. 5 ಲಕ್ಷ ಡಾಲರ್ ಮೌಲ್ಯಮಾಪನವಾದ ಮನೆಗೆ ವರ್ಷಕ್ಕೆ 5,070 ಡಾಲರ್. ಅಗ್ನಿಶಾಮಕ ತೆರಿಗೆ, ರಾಜ್ಯದ ಪಾಲು ಬೇರೆ. ಇನ್ನೊಂದು ಆದಾಯ ತೆರಿಗೆ, ಶೇ 3.2. ನಮ್ಮ ಐಟಿ ಹುಡುಗರು ರಾಜ್ಯದ ರಿಟರ್ನ್ಸ್ ತುಂಬುವಾಗ ‘ಲೋಕಲ್’ ಎಂದು ಒಂದು ಸಾಲು ಕಂಡು ಕಂಗಾಲಾಗುವುದು ಇದನ್ನು ನೋಡಿಯೇ. ರಾಜ್ಯವೇ ವಸೂಲು ಮಾಡಿ ಕೌಂಟಿಗೆ ಕೊಡುತ್ತದೆ. 3.2 ಆಗ ರಾಜ್ಯ ಕಾನೂನು ಒಪ್ಪುತ್ತಿದ್ದ ಗರಿಷ್ಠ ದರ, ಅಂದರೆ ಆ ನಲ್ಲಿಯನ್ನು ಇನ್ನು ತಿರುಗಿಸಲು ಜಾಗವಿರಲಿಲ್ಲ. ಕಿಟಲ್‌ಮನ್ ಆಸ್ತಿ ತೆರಿಗೆಯ ದರವನ್ನು ನಾಲ್ಕು ವರ್ಷವೂ ಏರಿಸಲಿಲ್ಲ.

ಮಗಳಿಗೆ ಉಪಯೋಗವಾಗುವ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಮನೆಯ ಮೌಲ್ಯಮಾಪನ ಮಾಡುವುದು ಕೌಂಟಿಯಲ್ಲ, ರಾಜ್ಯದ ಇಲಾಖೆ, 3 ವರ್ಷಕ್ಕೊಮ್ಮೆ. ತಾವೇ ವಾಸಿಸುವ ಮನೆಯಾದರೆ ಹಾವರ್ಡ್‌ನಲ್ಲಿ ತೆರಿಗೆಗೆ ಲೆಕ್ಕ ಹಿಡಿಯುವ ಮೌಲ್ಯ ವರ್ಷಕ್ಕೆ ಶೇ 5ಕ್ಕಿಂತ ಹೆಚ್ಚು ಏರುವಂತಿಲ್ಲ. ಇದಕ್ಕೆ ‘ಹೋಮ್‌ಸ್ಟೆಡ್’ ರಿಯಾಯಿತಿ ಎನ್ನುತ್ತಾರೆ. ತಾನಾಗಿ ಬರುವುದಿಲ್ಲ, ಒಮ್ಮೆ ಅರ್ಜಿ ಹಾಕಬೇಕು. ಮನೆಯನ್ನು ಬಾಡಿಗೆಗೆ ಕೊಟ್ಟರೆ ಹೋಗುತ್ತದೆ. ತೆರಿಗೆ ಜಾಸ್ತಿಯಾಯಿತೆಂದು ಎಕ್ಸಿಕ್ಯೂಟಿವ್‌ನನ್ನು ಬೈಯುವವರಲ್ಲಿ ಎಷ್ಟೋ ಜನ ಈ ಅರ್ಜಿಯನ್ನೇ ಹಾಕಿರುವುದಿಲ್ಲ.

ಖರ್ಚಿನ ಕಡೆ ಎಕ್ಸಿಕ್ಯೂಟಿವ್ ಕೈಗೆ ಬೇಡಿ ಬೀಳುವುದು ಶಾಲೆಗಳಿಂದ. ಬಜೆಟ್‌ನ ಅರ್ಧಕ್ಕಿಂತ ಹೆಚ್ಚು ಪಾಲು ಶಿಕ್ಷಣಕ್ಕೆ ಹೋಗುತ್ತದೆ, ಆದರೆ ಶಾಲಾ ಮಂಡಳಿಯನ್ನು ಜನ ಪ್ರತ್ಯೇಕವಾಗಿ ಆರಿಸುತ್ತಾರೆ, ಮೇಲ್ವಿಚಾರಕರನ್ನು ಆ ಮಂಡಳಿ ನೇಮಿಸುತ್ತದೆ. ದುಡ್ಡು ಕೊಡುವವರು ಇವರು, ಹೀಗೆ ಖರ್ಚು ಮಾಡಿ ಎನ್ನುವ ಹಕ್ಕು ಇವರಿಗಿಲ್ಲ. ಕಡಿಮೆ ಕೊಡೋಣ ಎಂದರೆ ಅದೂ ಆಗದು: ತಲಾ ವಿದ್ಯಾರ್ಥಿಗೆ ಹಿಂದಿನ ವರ್ಷ ಕೊಟ್ಟಷ್ಟಾದರೂ ಕೊಡಲೇಬೇಕು ಎಂಬುದು ರಾಜ್ಯದ ಕಾನೂನು. 2012ರ ತಿದ್ದುಪಡಿಯ ನಂತರ, ತಪ್ಪಿದರೆ ಕೌಂಟಿಯ ಆದಾಯ ತೆರಿಗೆ ಪಾಲಿನಿಂದಲೇ ರಾಜ್ಯ ಆ ಮೊತ್ತ ಹಿಡಿದುಕೊಂಡು ಶಾಲೆಗಳಿಗೆ ಕೊಡಬಹುದು. 2015ರಿಂದ 2017ರವರೆಗೆ ಹಾವರ್ಡ್‌ನಲ್ಲಿ ಶಾಲಾ ಮೇಲ್ವಿಚಾರಕರ ಜೊತೆ ಪೋಷಕರ ದೊಡ್ಡ ತಿಕ್ಕಾಟ ನಡೆಯಿತು, ಅದರಲ್ಲಿ ಶಾಲೆಯೊಂದರ ಗೋಡೆಗೆ ಹಿಡಿದ ಬೂಷ್ಟಿನ ವಿಷಯವೂ ಸೇರಿತ್ತು. ಎಕ್ಸಿಕ್ಯೂಟಿವ್ ಲೆಕ್ಕಪರಿಶೋಧನೆ ಕೇಳಬಹುದಿತ್ತು, ಪತ್ರ ಬರೆಯಬಹುದಿತ್ತು, ಅಷ್ಟೇ. ಬೈಗುಳ ಮಾತ್ರ ಇವರ ಬಾಗಿಲಿಗೂ ಬಂತು.

ಕೌನ್ಸಿಲ್ ಅಂಗೀಕರಿಸಿದ ಮಸೂದೆಯನ್ನು ಎಕ್ಸಿಕ್ಯೂಟಿವ್ ತಡೆಯುವ ಅಧಿಕಾರವೇ ವೀಟೊ. ವೀಟೊಗಳ ಕಥೆಯಲ್ಲಿ ಅವರ ಸೋಲಿನ ಬೀಜ ಕಾಣುತ್ತದೆ. ಕೌನ್ಸಿಲ್‌ನ 5 ಜನರಲ್ಲಿ 4 ಡೆಮಾಕ್ರಟರು, 1 ರಿಪಬ್ಲಿಕನ್. ವೀಟೊ ಮುರಿಯಲು 4 ಮತ ಬೇಕು. ಲೆಕ್ಕ ನೋಡಿ: ಡೆಮಾಕ್ರಟರೆಲ್ಲ ಒಟ್ಟಾದರೆ ಎಕ್ಸಿಕ್ಯೂಟಿವ್‌ನ ವೀಟೊ ಬರೀ ಕಾಗದ; ಒಬ್ಬರು ಜಾರಿದರೂ ಅದು ಉಕ್ಕು. ಹಿಂದಿನ ಎಕ್ಸಿಕ್ಯೂಟಿವ್ 2012ರಲ್ಲಿ ಕೌಂಟಿಯ ಕಟ್ಟಡ, ಉದ್ಯಾನಗಳಲ್ಲಿ ಸಕ್ಕರೆ ಹೆಚ್ಚಿರುವ ಪಾನೀಯ ಮಾರಬಾರದೆಂದು ಆದೇಶಿಸಿದ್ದರು. ಕಿಟಲ್‌ಮನ್ ಅಧಿಕಾರ ವಹಿಸಿಕೊಂಡ ತಿಂಗಳಲ್ಲೇ ಅದನ್ನು ರದ್ದುಮಾಡಿದರು. 2015ರಲ್ಲಿ ಕೌನ್ಸಿಲ್ ಅದೇ ದಿಕ್ಕಿನ ಮಸೂದೆ ತಂದಿತು, ಇವರು ವೀಟೊ ಮಾಡಿದರು, ಕೌನ್ಸಿಲ್ ವೀಟೊ ಮುರಿಯಿತು. ಸೋಡಾ ಯಂತ್ರದ ಮೇಲೆ ಇಷ್ಟು ಸೈದ್ಧಾಂತಿಕ ಶಕ್ತಿ ಖರ್ಚು ಮಾಡಿದ್ದು ನನ್ನ ಲೆಕ್ಕದಲ್ಲಿ ದುಂದು.

2017ರ ಫೆಬ್ರುವರಿಯದ್ದು ಗಂಭೀರ ವಿಷಯ. ಟ್ರಂಪ್ ಅಧಿಕಾರಕ್ಕೆ ಬಂದ ಹೊಸದು. ವಲಸೆ ಕಾನೂನಿನ ಜಾರಿಗೆ ಕೌಂಟಿಯ ಸಿಬ್ಬಂದಿ, ಪೊಲೀಸರು ಕೈಜೋಡಿಸುವುದನ್ನು ಮಿತಿಗೊಳಿಸುವ, ‘ಆಶ್ರಯ ಕೌಂಟಿ’ ಎಂದು ಹೆಸರಾದ ಮಸೂದೆಯನ್ನು ಕೌನ್ಸಿಲ್ 3–2ರಿಂದ ಅಂಗೀಕರಿಸಿತು. ಕಿಟಲ್‌ಮನ್ ವೀಟೊ ಮಾಡಿದರು. ಮುರಿಯಲು ನಾಲ್ಕನೇ ಮತ ಸಿಗಲಿಲ್ಲ. ಒಬ್ಬ ಡೆಮಾಕ್ರಟ್ ಸದಸ್ಯರೂ ಮಸೂದೆಯ ವಿರುದ್ಧ ಇದ್ದರು ಎಂಬುದನ್ನು ಗಮನಿಸಿದರೆ ಇದು ಅತಿರೇಕದ ನಿಲುವೇನಲ್ಲ. ಆದರೆ 2012ರಲ್ಲಿ ಗಳಿಸಿದ ‘ಅಂಥ ರಿಪಬ್ಲಿಕನ್ ಅಲ್ಲ’ ಎಂಬ ಬಿರುದು ಅಲ್ಲಿಗೆ ಅರ್ಧ ಸವೆಯಿತು. ಆ ಮಸೂದೆ ತಂದವರಲ್ಲಿ ಒಬ್ಬರು ಕ್ಯಾಲ್ವಿನ್ ಬಾಲ್. 2018ರಲ್ಲಿ ಕಿಟಲ್‌ಮನ್ ಎದುರು ನಿಂತವರೂ ಅವರೇ.

ಈಗ ನೀರಿನ ವಿಷಯ. ಎಲಿಕಟ್ ಸಿಟಿಯ ಹಳೆಯ ಪೇಟೆ ಇರುವುದು ಒಂದು ಕಣಿವೆಯ ತಳದಲ್ಲಿ. 1772ರಲ್ಲಿ ಎಲಿಕಟ್ ಸಹೋದರರು ಹಿಟ್ಟಿನ ಗಿರಣಿಗೆ ನೀರಿನ ರಭಸ ಬೇಕೆಂದೇ ಆ ಜಾಗ ಹಿಡಿದರು. ಟೈಬರ್, ಹಡ್ಸನ್, ನ್ಯೂ ಕಟ್ ಎಂಬ ಹಳ್ಳಗಳು ಮೇಲಿನ ಗುಡ್ಡಗಳಿಂದ ಇಳಿದು, ಮೇನ್ ಸ್ಟ್ರೀಟಿನ ಅಂಗಡಿಗಳ ಅಡಿಯಲ್ಲೇ ಕಲ್ಲಿನ ಕಾಲುವೆಗಳಲ್ಲಿ ಹರಿದು ಪಟಾಪ್ಸ್ಕೊ ನದಿ ಸೇರುತ್ತವೆ. 1972ರ ಆಗ್ನೆಸ್ ಚಂಡಮಾರುತದಂಥ ಹಳೆಯ ನೆರೆಗಳಲ್ಲಿ ನದಿ ಉಕ್ಕಿ ಕೆಳಗಿನಿಂದ ನೀರು ಏರುತ್ತಿತ್ತು. ಏರಲು ಸಮಯ ಹಿಡಿಯುತ್ತದೆ, ಜನ ಸಾಮಾನು ಎತ್ತಿಡಬಹುದು. 2016ರ ಜುಲೈ 30ರ ರಾತ್ರಿ ಬಂದದ್ದು ಮೇಲಿನಿಂದ. ಎರಡು ಗಂಟೆಯಲ್ಲಿ 6 ಇಂಚಿನಷ್ಟು, ಅಂದರೆ 150 ಮಿಲಿಮೀಟರ್ ಮಳೆ. ಕಾಲುವೆಗಳು ತುಂಬಿದ ಮೇಲೆ ರಸ್ತೆಯೇ ಹಳ್ಳವಾಯಿತು. ಕಾರುಗಳು ತೇಲಿದವು, ಪಾದಚಾರಿ ಮಾರ್ಗ ಕುಸಿಯಿತು, ಇಬ್ಬರು ಸತ್ತರು. ಸಾವಿರ ವರ್ಷಕ್ಕೊಮ್ಮೆ ಬರುವಂಥ ಮಳೆ ಎಂದರು. ಇಂಥ ಮಾತು ಜನರನ್ನು ದಾರಿ ತಪ್ಪಿಸುತ್ತದೆ. ಅದರ ಅರ್ಥ ಪ್ರತಿ ವರ್ಷವೂ ಸಾವಿರದಲ್ಲೊಂದು ಸಂಭವ ಎಂದು, ಇನ್ನು ಸಾವಿರ ವರ್ಷ ಬರುವುದಿಲ್ಲ ಎಂದಲ್ಲ. 22 ತಿಂಗಳ ಮೇಲೆ, 2018ರ ಮೇ 27ರಂದು ಮತ್ತೆ ಬಂತು. ಕೆಲವೆಡೆ 8 ಇಂಚು. ಮತ್ತೊಬ್ಬರ ಪ್ರಾಣ ಹೋಯಿತು. ಸಾಲ ಮಾಡಿ ಅಂಗಡಿ ಮತ್ತೆ ತೆರೆದಿದ್ದವರು ಎರಡನೇ ಸಲ ಕೆಸರು ಬಾಚಬೇಕಾಯಿತು.

ಕಿಟಲ್‌ಮನ್ ಮೇಲಿದ್ದ ಒಂದು ಹಳೆಯ ಬಾಕಿ ಇಲ್ಲಿ ಎದ್ದು ಬಂತು. 2012ರ ರಾಜ್ಯ ಕಾನೂನಿನಂತೆ ದೊಡ್ಡ ಕೌಂಟಿಗಳು ಮಳೆನೀರಿನ ಶುಲ್ಕ ಹಾಕಬೇಕಿತ್ತು, ವಿರೋಧಿಗಳು ಅದನ್ನು ‘ಮಳೆ ತೆರಿಗೆ’ ಎಂದು ಲೇವಡಿ ಮಾಡಿದರು. ಹಾವರ್ಡ್‌ನಲ್ಲಿ ಮನೆಯ ಬಗೆ, ನಿವೇಶನದ ಅಳತೆ ನೋಡಿ ವರ್ಷಕ್ಕೆ 15, 45 ಅಥವಾ 90 ಡಾಲರ್. 2015ರಲ್ಲಿ ರಾಜ್ಯ ಅದನ್ನು ಐಚ್ಛಿಕ ಮಾಡಿತು. ಚುನಾವಣೆಯಲ್ಲಿ ಮಾತು ಕೊಟ್ಟಿದ್ದ ಕಿಟಲ್‌ಮನ್ 2016ರಲ್ಲಿ ಅದನ್ನು ಹಂತಹಂತವಾಗಿ ತೆಗೆಯಲು ಹೊರಟರು, ಕೌನ್ಸಿಲ್ ಒಪ್ಪಲಿಲ್ಲ. ಕೆಲವೇ ತಿಂಗಳಲ್ಲಿ ನೆರೆ. ನ್ಯಾಯವಾಗಿ ಹೇಳಬೇಕೆಂದರೆ ಆ ಶುಲ್ಕಕ್ಕೂ ಈ ನೆರೆಗೂ ನೇರ ನಂಟಿಲ್ಲ. ಶುಲ್ಕದ ಗುರಿ ಚೆಸಪೀಕ್ ಕೊಲ್ಲಿಗೆ ಹೋಗುವ ಕೊಳೆ, ಗೊಬ್ಬರದ ಅಂಶ, ಹೂಳು ತಡೆಯುವುದು. ಎರಡು ಗಂಟೆಯಲ್ಲಿ 150 ಮಿಲಿಮೀಟರ್ ಸುರಿದರೆ ಅದನ್ನು ಹೊರುವ ಕಾಲುವೆ ಬೇರೆಯೇ ಲೆಕ್ಕದ್ದು. ಆದರೆ ಮತಗಟ್ಟೆಯಲ್ಲಿ ಈ ವಿವರಣೆಗೆ ಕಿವಿ ಎಲ್ಲಿದೆ? ಮಳೆ ತೆರಿಗೆ ತೆಗೆಯಲು ಹೊರಟವನ ಊರಿಗೆ ಮಳೆ ಬಂತು ಎಂಬುದಷ್ಟೇ ಉಳಿಯಿತು.

ಎರಡನೇ ನೆರೆಯ ನಂತರ, 2018ರ ಆಗಸ್ಟ್‌ನಲ್ಲಿ, ಅವರು 5 ವರ್ಷದ, ಸುಮಾರು 5 ಕೋಟಿ ಡಾಲರಿನ ಯೋಜನೆ ಮುಂದಿಟ್ಟರು. ಸುಮಾರು 20 ಕಟ್ಟಡಗಳನ್ನು ಕೊಂಡು ಕೆಡವುವುದು, ಅದರಲ್ಲಿ ಅರ್ಧದಷ್ಟು ಕೆಳ ಮೇನ್ ಸ್ಟ್ರೀಟಿನ ಹಳೆಯ ಅಂಗಡಿಗಳು. ಅಲ್ಲಿ ಕಾಲುವೆ ಅಗಲಿಸಿ ನೀರಿಗೆ ದಾರಿ ಬಿಡುವುದು. ಲೆಕ್ಕ ಸರಳ: ಸುರಂಗ ಕೊರೆಯಲು ವರ್ಷಗಳೂ ಬೇಕು, ದುಪ್ಪಟ್ಟಿಗೂ ಮೇಲಿನ ಹಣವೂ ಬೇಕು, ಕಟ್ಟಡ ತೆಗೆಯುವುದು ಬೇಗ ಆಗುತ್ತದೆ, ಜನ ಸಾಯುವುದು ನಿಲ್ಲುತ್ತದೆ. ನಿರ್ಧಾರಕ್ಕೆ ಧೈರ್ಯ ಬೇಕಿತ್ತು, ಆ ಧೈರ್ಯ ಅವರಿಗಿತ್ತು. ತಪ್ಪಾದದ್ದು ಎಲ್ಲಿ ಎಂದರೆ, ಪಾರಂಪರಿಕ ಪೇಟೆಯ ಒಂದು ತುದಿಯನ್ನೇ ಕೆಡವುವ ಮಾತನ್ನು ಮತದಾನಕ್ಕೆ ಎರಡೂವರೆ ತಿಂಗಳಿರುವಾಗ ಘೋಷಿಸಿದ್ದು, ಪರಂಪರೆ ಉಳಿಸುವ ಸಂಘಟನೆಗಳ ಜೊತೆ ಮೊದಲೇ ಕೂತು ಮಾತನಾಡದೆ ಅವರನ್ನು ಎದುರಾಳಿ ಮಾಡಿಕೊಂಡದ್ದು. ಯೋಜನೆಗೆ ಹೆಗಲು ಕೊಟ್ಟಿದ್ದ ಆ ಭಾಗದ ಡೆಮಾಕ್ರಟ್ ಕೌನ್ಸಿಲ್ ಸದಸ್ಯರು ಜೂನ್‌ನಲ್ಲೇ ಅಭ್ಯರ್ಥಿಯನ್ನು ಆರಿಸುವ ಪಕ್ಷದೊಳಗಿನ ಚುನಾವಣೆಯಲ್ಲಿ ಬೆರಳೆಣಿಕೆಯ ಮತಗಳಿಂದ ಸೋತು, ಅಧಿಕಾರದ ಕೊನೆಯ ತಿಂಗಳುಗಳಲ್ಲಿದ್ದರು.

ನವೆಂಬರ್‌ನಲ್ಲಿ ಬಾಲ್ ಶೇ 53ರ ಆಸುಪಾಸು ಮತ ಪಡೆದು ಗೆದ್ದರು. ಅವರು ಬಂದು ಕಟ್ಟಡ ಕೆಡವುವುದನ್ನು ನಿಲ್ಲಿಸಿ, 2019ರಲ್ಲಿ ಕೆಳ ಪೇಟೆಯ 4 ಕಟ್ಟಡ ಮಾತ್ರ ತೆಗೆಯುವ, ನೀರನ್ನು ಪೇಟೆಯ ಪಕ್ಕದಿಂದ ನದಿಗೆ ಒಯ್ಯುವ ಸುರಂಗದ ಆಯ್ಕೆ ಹಿಡಿದರು. ಆಗಿನ ಅಂದಾಜು 11ರಿಂದ 14 ಕೋಟಿ ಡಾಲರ್. 18 ಅಡಿ ವ್ಯಾಸದ, ಸುಮಾರು ಒಂದು ಮೈಲಿ ಉದ್ದದ ಸುರಂಗ. ಯಾರು ಸರಿ ಎಂದರೆ, ಪೇಟೆ ಉಳಿಸುವುದೇ ಗುರಿಯಾದರೆ ಬಾಲ್. ಮುಂದಿನ ಮಳೆಗೆ ಮೊದಲು ಜೀವ ಉಳಿಸುವುದು ಗುರಿಯಾದರೆ ಕಿಟಲ್‌ಮನ್.

ಆದರೆ ನೆರೆಯೊಂದೇ ಸೋಲಿಸಿತು ಎಂದು ನನಗನ್ನಿಸುವುದಿಲ್ಲ. ಅದೇ ದಿನ ರಿಪಬ್ಲಿಕನ್ ಗವರ್ನರ್ ಲ್ಯಾರಿ ಹೋಗನ್ ರಾಜ್ಯದಲ್ಲಿ ಶೇ 55ರಷ್ಟು ಮತದಿಂದ ಮರು ಆಯ್ಕೆಯಾದರು, ಹಾವರ್ಡ್‌ನಲ್ಲೂ ಗೆದ್ದರು. ಪಕ್ಕದ ಆನ್ ಅರುಂಡೆಲ್ ಕೌಂಟಿಯಲ್ಲೂ ಹೋಗನ್ ಗೆದ್ದರು, ಅಲ್ಲಿನ ರಿಪಬ್ಲಿಕನ್ ಎಕ್ಸಿಕ್ಯೂಟಿವ್ ಸ್ಟೀವ್ ಶೂ ಸೋತರು. ಅವರೂ ಹಿಂದೆ ರಾಜ್ಯದ ಕೆಳಮನೆಯಲ್ಲಿದ್ದವರು, ಅಲ್ಲಿ ಯಾವ ಪೇಟೆಯೂ ಕೊಚ್ಚಿಹೋಗಿರಲಿಲ್ಲ. ಹಾವರ್ಡ್‌ನಲ್ಲಿ ಕಿಟಲ್‌ಮನ್ ಬಿಟ್ಟುಬಂದಿದ್ದ ಸೆನೆಟ್ ಸ್ಥಾನ ಕೂಡ ಅದೇ ದಿನ ರಿಪಬ್ಲಿಕನ್ನರ ಕೈ ತಪ್ಪಿತು. ಮತದಾರ ಮತಪತ್ರದ ಮೇಲಿನ ಸಾಲಿನಲ್ಲಿ ವ್ಯಕ್ತಿ ನೋಡಿ ಒಬ್ಬ ರಿಪಬ್ಲಿಕನ್‌ಗೆ ಗುರುತು ಹಾಕಿ, ಕೆಳಗಿನ ಸಾಲುಗಳಲ್ಲಿ ಟ್ರಂಪ್ ಮೇಲಿನ ಸಿಟ್ಟು ತೀರಿಸಿಕೊಂಡ. 2016ರಲ್ಲಿ ಹಾವರ್ಡ್‌ನಲ್ಲಿ ಟ್ರಂಪ್‌ಗೆ ಬಿದ್ದದ್ದು ಶೇ 30ಕ್ಕಿಂತ ಕಡಿಮೆ.

ಇಲ್ಲಿಯೇ ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರವಿದೆ. ಶಾಸನಸಭೆಯಲ್ಲಿ ಮಧ್ಯಮಮಾರ್ಗಿಯಾಗಿರುವುದು ಕಾಣುವ ಕೆಲಸ: ಮತಪಟ್ಟಿಯಲ್ಲಿ ಎಲ್ಲ ರಿಪಬ್ಲಿಕನ್ನರು ಒಂದು ಕಡೆ, ನೀವೊಬ್ಬರು ಇನ್ನೊಂದು ಕಡೆ. ಎಕ್ಸಿಕ್ಯೂಟಿವ್‌ಗೆ ಅಂಥ ಪಟ್ಟಿಯೇ ಇಲ್ಲ. ಅವರು ಕೌನ್ಸಿಲ್ ಜೊತೆ ಒಪ್ಪಿದ ನೂರು ವಿಷಯ ಸದ್ದಿಲ್ಲದೆ ಸಹಿಯಾಗುತ್ತವೆ, ಒಪ್ಪದ ಮೂರು ವಿಷಯ ವೀಟೊ ಎಂದು ತಲೆಬರಹವಾಗುತ್ತವೆ. ಸೆನೆಟ್‌ನಲ್ಲಿ ಅವರು ಪಕ್ಷದಿಂದ ದೂರ ನಿಂತದ್ದು ಕಾಣುತ್ತಿತ್ತು. ಕೌಂಟಿಯಲ್ಲಿ ಡೆಮಾಕ್ರಟ್ ಕೌನ್ಸಿಲ್‌ನಿಂದ ದೂರ ನಿಂತದ್ದು ಕಂಡಿತು. ಸ್ವಭಾವ ಅದೇ, ಹಿನ್ನೆಲೆಯ ಗೋಡೆಯ ಬಣ್ಣ ಬದಲಾಯಿತು.

ಹಾಗೆಂದು ಈ ದಾರಿ ಎಲ್ಲರಿಗೂ ಮುಳ್ಳಲ್ಲ. ಉತ್ತರದ ಹಾರ್ಫರ್ಡ್ ಕೌಂಟಿಯ ಬ್ಯಾರಿ ಗ್ಲಾಸ್‌ಮನ್ ಸರಿಯಾದ ಹೋಲಿಕೆ. ಕುರಿ ಸಾಕುವ ರೈತ, ಮಧ್ಯಮಮಾರ್ಗಿ ರಿಪಬ್ಲಿಕನ್, ಕೌಂಟಿ ಕೌನ್ಸಿಲ್‌ನಿಂದ ಕೆಳಮನೆ, ಅಲ್ಲಿಂದ ಸೆನೆಟ್, 2014ರಲ್ಲಿ ಎಕ್ಸಿಕ್ಯೂಟಿವ್. ಎರಡೂ ಅವಧಿ ಪೂರೈಸಿದರು, ಏಕೆಂದರೆ ಹಾರ್ಫರ್ಡ್ ರಿಪಬ್ಲಿಕನ್ ಬಲದ ಕೌಂಟಿ. ಅಲ್ಲಿ ಮಧ್ಯಮಮಾರ್ಗಿಗೆ ಆತಂಕವಿದ್ದರೆ ಸ್ವಪಕ್ಷದ ಒಳಚುನಾವಣೆಯಲ್ಲಿ. 2022ರಲ್ಲಿ ರಾಜ್ಯದ ಕಂಪ್ಟ್ರೋಲರ್ (ತೆರಿಗೆ, ಲೆಕ್ಕಪತ್ರ ನೋಡುವ ಚುನಾಯಿತ ಅಧಿಕಾರಿ) ಹುದ್ದೆಗೆ ನಿಂತಾಗ ಅವರೂ ಸೋತರು. ಇನ್ನು ಬಾಲ್ಟಿಮೋರ್ ಕೌಂಟಿಯಲ್ಲಿ ಮಧ್ಯಮಮಾರ್ಗಿ ಡೆಮಾಕ್ರಟ್ ಸೆನೆಟರ್ ಜಿಮ್ ಬ್ರೋಚಿನ್ 2018ರ ಒಳಚುನಾವಣೆಯಲ್ಲೇ ಕೇವಲ 17 ಮತಗಳಿಂದ ಎಡವಿದರು. ಆ 17 ಮತಗಳಿಂದ ಗೆದ್ದ ಜಾನಿ ಓಲ್ಶೆವ್‌ಸ್ಕಿ ಮುಂದೆ ಎಕ್ಸಿಕ್ಯೂಟಿವ್ ಆಗಿ, ಈಗ ಅಮೆರಿಕದ ಸಂಸತ್ತಿನವರೆಗೆ ಹೋಗಿದ್ದಾರೆ.

ಸೋತ ನಂತರ ಕಿಟಲ್‌ಮನ್ ಅವರನ್ನು ಹೋಗನ್ ರಾಜ್ಯದ ಕಾರ್ಮಿಕರ ಪರಿಹಾರ ಆಯೋಗಕ್ಕೆ ನೇಮಿಸಿದರು. 2022ರಲ್ಲಿ ಮತ್ತೆ ಬಾಲ್ ಎದುರು ನಿಂತು, ಮೊದಲಿಗಿಂತ ದೊಡ್ಡ ಅಂತರದಿಂದ ಸೋತರು. ಆ ಸಲ ಪಟ್ಟಿಯ ತಲೆಯಲ್ಲಿ ಹೋಗನ್ ಇರಲಿಲ್ಲ. ಗವರ್ನರ್ ಅಭ್ಯರ್ಥಿ ಟ್ರಂಪ್ ಬೆಂಬಲದ ಡ್ಯಾನ್ ಕಾಕ್ಸ್, ರಾಜ್ಯದಲ್ಲಿ ಅವರಿಗೆ ಸಿಕ್ಕದ್ದೇ ಶೇ 32ರಷ್ಟು.

ಮಗಳು, ಅಳಿಯ ಇನ್ನೂ ಅಲ್ಲಿನ ಪೌರರಾಗಿರದಿದ್ದರೆ ಮತ ಹಾಕುವಂತಿಲ್ಲ, ಆದರೆ ಕೌನ್ಸಿಲ್‌ನ ಸಾರ್ವಜನಿಕ ಅಹವಾಲು ಸಭೆಯಲ್ಲಿ ಮಾತನಾಡಬಹುದು. ಹೆಸರು ಮೊದಲೇ ನೋಂದಾಯಿಸಬೇಕು, ಒಬ್ಬರಿಗೆ 3 ನಿಮಿಷ. ಶಾಲೆಯ ವಿಷಯವಾದರೆ ಮೊದಲು ಶಾಲಾ ಮಂಡಳಿಗೆ ಹೋಗಲಿ, ದುಡ್ಡಿನ ವಿಷಯವಾದರೆ ಏಪ್ರಿಲ್, ಮೇ ತಿಂಗಳ ಬಜೆಟ್ ಅಹವಾಲಿಗೆ. ಜೂನ್‌ನಲ್ಲಿ ಹೋದರೆ ಆ ವರ್ಷದ ಬಾಗಿಲು ಮುಚ್ಚಿರುತ್ತದೆ.